ಬೆಸುಗೆ ಬಿಟ್ಟ ಜಾಗದಿಂದ ಒಳಗೆ: ಮಲೆನಾಡಿನ ಮಳೆ, ಅಡಿಕೆ ಮತ್ತು ನಮ್ಮ ಮೈಯ ತಡೆಗೋಡೆ

ಜೂನ್ ಬಂತು ಅಂದರೆ ಮಲೆನಾಡಿನಲ್ಲಿ ಕಾಯಿಲೆಗಳ ಮಾತು ಶುರು. ಡೆಂಗಿ, ಇಲಿಜ್ವರ, ವಾಂತಿಭೇದಿ. ಮಳೆಗಾಲ ಕಳೆದು ಚಳಿ ಬಿದ್ದರೆ ಮಂಗನ ಕಾಯಿಲೆ. ಇದರ ಜತೆಗೆ ವರ್ಷವಿಡೀ ಮುಗಿಯದ ಇನ್ನೊಂದು ವಾದ ಇದೆ: ಅಡಿಕೆ ಜಗಿದರೆ ಕ್ಯಾನ್ಸರ್ ಬರುತ್ತದೋ ಇಲ್ಲವೋ ಅನ್ನುವುದು. ಇವೆಲ್ಲ ಬೇರೆ ಬೇರೆ ವಿಷಯಗಳ ಹಾಗೆ ಕಾಣುತ್ತವೆ, ಪತ್ರಿಕೆಯಲ್ಲೂ ಬೇರೆ ಬೇರೆ ಪುಟಗಳಲ್ಲಿ ಬರುತ್ತವೆ. ಆದರೆ ಮೈಯ ಒಳಗೆ ನಡೆಯುವುದನ್ನು ನೋಡಿದರೆ ಇವುಗಳಲ್ಲಿ ಹೆಚ್ಚಿನವು ಒಂದೇ ಕಡೆ ಬಂದು ಸೇರುತ್ತವೆ. ಚರ್ಮ, ಬಾಯಿ, ಕರುಳುಗಳ ಮೇಲ್ಪದರದ ಕೋಶಗಳು ಒಂದಕ್ಕೊಂದು ಅಂಟಿಕೊಂಡಿರುವ ಜಾಗ ಅದು.

ನಾವು ರೋಗಾಣುವಿನ ಬಗ್ಗೆ ತುಂಬ ಮಾತಾಡುತ್ತೇವೆ. ಔಷಧಿ ಬಗ್ಗೆ ಇನ್ನೂ ಜಾಸ್ತಿ. ಇವೆರಡಕ್ಕೂ ಮೊದಲು ಕೆಲಸ ಮಾಡುವ ಈ ತಡೆಯ ಬಗ್ಗೆ ಮಾತ್ರ ಮಾತೇ ಇಲ್ಲ. ಇಲಿಗಳನ್ನು ಪೂರ್ತಿ ಓಡಿಸಲು ಯಾರಿಂದಲೂ ಆಗುವುದಿಲ್ಲ, ಮಳೆ ನಿಲ್ಲಿಸಲೂ ಆಗುವುದಿಲ್ಲ. ಕಾಲಿನ ಚರ್ಮ, ಬಾಯಿಯ ಒಳಮೈ ಹರಿಯದ ಹಾಗೆ ನೋಡಿಕೊಳ್ಳುವುದು ಬಹಳ ಮಟ್ಟಿಗೆ ನಮ್ಮ ಕೈಯಲ್ಲೇ ಇದೆ. ಮಲೆನಾಡಿನ ಆರೋಗ್ಯದ ಮಾತುಕತೆ ಇಲ್ಲಿಂದ ಶುರುವಾಗಬೇಕು ಅನ್ನುವುದು ನನ್ನ ಅಭಿಪ್ರಾಯ.

ಒಂಬತ್ತನೇ ಕ್ಲಾಸಿನಲ್ಲಿ ಅನುಲೇಪಕ ಅಂಗಾಂಶ ಅಂತ ಒಂದು ಪಾಠ ಓದಿರುತ್ತೇವೆ. ಡಾಕ್ಟರುಗಳು ಎಪಿಥೀಲಿಯಂ ಅನ್ನುವುದು ಅದಕ್ಕೇ. ಗಾಳಿ, ನೀರು, ಊಟ ಎಲ್ಲೆಲ್ಲಿ ಮೈಗೆ ತಾಗುತ್ತದೋ ಅಲ್ಲೆಲ್ಲ ಈ ಕೋಶಗಳ ಹೊದಿಕೆ ಇದೆ. ದೊಡ್ಡವರ ಚರ್ಮ ಹರಡಿದರೆ ಹೆಚ್ಚುಕಡಿಮೆ 2 ಚದರ ಮೀಟರ್. ಕರುಳಿನ ಒಳಮೈಯ ಮಡಿಕೆಗಳನ್ನೆಲ್ಲ ಬಿಡಿಸಿ ಲೆಕ್ಕ ಹಾಕಿದರೆ ಸುಮಾರು 30 ಚದರ ಮೀಟರ್. ಚರ್ಮದಲ್ಲಿ ಕೋಶಗಳು ಪದರ ಪದರವಾಗಿ ಕೂತಿವೆ. ಕರುಳಿನಲ್ಲಿ ಒಂದೇ ಒಂದು ಪದರ. ನಾವು ತಿಂದ ಅನ್ನಕ್ಕೂ ಮೈಯ ಒಳಗಿಗೂ ನಡುವೆ ಒಂದು ಕೋಶದ ದಪ್ಪದ ತಡೆ ಅಷ್ಟೇ. ಅದೂ ನಾಲ್ಕೈದು ದಿನಕ್ಕೊಮ್ಮೆ ಉದುರಿ ಹೊಸದಾಗುತ್ತದೆ. ಒಂದು ಕೋಶ ಉದುರುವಾಗ ಅಕ್ಕಪಕ್ಕದ ಕೋಶಗಳು ಒತ್ತರಿಸಿಕೊಂಡು ಬಂದು ಕೆಳಗಿನಿಂದಲೇ ಸೇರಿಕೊಳ್ಳುತ್ತವೆ. ಹಾಗಾಗಿ ಉದುರುವ ಹೊತ್ತಿನಲ್ಲೂ ಅಲ್ಲಿ ತೂತು ಬೀಳುವುದಿಲ್ಲ.

ಈ ಹೊದಿಕೆಯ ಬಲ ಇರುವುದು ಒಂದೊಂದು ಕೋಶದಲ್ಲಿ ಅನ್ನುವುದಕ್ಕಿಂತ ಅವುಗಳ ಜೋಡಣೆಯಲ್ಲಿ. ಹೆಂಚಿನ ಮನೆಯಲ್ಲಿ ಇದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಹೆಂಚು ಒಡೆದು ಸೋರುವುದಕ್ಕಿಂತ ಹೆಂಚು ಸರಿದು ಸೋರುವುದೇ ಜಾಸ್ತಿ. ಅದಕ್ಕೇ ಮಳೆಗೆ ಮೊದಲು ಮಾಡು ಹತ್ತಿ ಕೈಯಾಡಿಸುತ್ತೇವೆ, ಅಲ್ವಾ?

ಈ ಜೋಡಣೆ ಮನುಷ್ಯರ ಕಣ್ಣಿಗೆ ಸರಿಯಾಗಿ ಬಿದ್ದದ್ದು 1963ರಲ್ಲಿ. ಮೇರಿಲಿನ್ ಫಾರ್ಕ್ವಾರ್ ಮತ್ತು ಜಾರ್ಜ್ ಪಲಾಡೆ ಅನ್ನುವ ಇಬ್ಬರು ವಿಜ್ಞಾನಿಗಳು ಇಲಿ ಮತ್ತು ಗಿನಿಹಂದಿಗಳ ಅಂಗಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಎರಡು ಕೋಶಗಳು ತಾಗುವ ಅಂಚಿನಲ್ಲಿ, ಮೇಲಿನಿಂದ ಕೆಳಕ್ಕೆ, ಮೂರು ಬಗೆಯ ಬೆಸುಗೆಗಳು ಒಂದರ ಕೆಳಗೊಂದು ಇರುವುದನ್ನು ಬರೆದಿಟ್ಟರು. ಕೋಶಗಳ ಒಳರಚನೆಯ ಮೇಲೆ ಮಾಡಿದ ಕೆಲಸಕ್ಕಾಗಿ ಪಲಾಡೆಯವರಿಗೆ 1974ರಲ್ಲಿ ನೊಬೆಲ್ ಬಂತು.

ಎಲ್ಲಕ್ಕಿಂತ ಮೇಲಿನದು ಟೈಟ್ ಜಂಕ್ಷನ್. ಇದು ನೀರು, ಉಪ್ಪು, ಸಣ್ಣ ಅಣುಗಳನ್ನು ತಡೆಯುವ ಬಿಗಿ. ಇದು ಯಾವ ಪ್ರೋಟೀನಿನಿಂದ ಆಗಿದೆ ಅಂತ ಗೊತ್ತಾಗಲು ಇನ್ನೂ ಮೂವತ್ತು ವರ್ಷ ಹಿಡಿಯಿತು. ಜಪಾನಿನ ಶೋಯಿಚಿರೊ ಸುಕಿತಾ ಅವರ ತಂಡ 1993ರಲ್ಲಿ ಆಕ್ಲೂಡಿನ್ ಅನ್ನೂ 1998ರಲ್ಲಿ ಕ್ಲಾಡಿನ್ ಅನ್ನೂ ಪತ್ತೆ ಹಚ್ಚಿತು. ಕ್ಲಾಡಿನ್‌ಗಳಲ್ಲಿ ಇಪ್ಪತ್ತಕ್ಕೂ ಜಾಸ್ತಿ ಬಗೆ ಇವೆ. ಕೆಲವು ಪೂರ್ತಿ ಮುಚ್ಚುತ್ತವೆ, ಕೆಲವು ಸೋಡಿಯಂ ಮತ್ತು ನೀರು ಹಾಯುವಷ್ಟು ಜಾಗ ಬಿಡುತ್ತವೆ. ಕ್ಲಾಡಿನ್-1 ಇಲ್ಲದ ಹಾಗೆ ಮಾಡಿದ ಇಲಿಮರಿಗಳನ್ನು 2002ರಲ್ಲಿ ನೋಡಿದಾಗ ಅವು ಹುಟ್ಟಿದ ಒಂದು ದಿನದೊಳಗೆ ಸತ್ತವು. ಮೈಗೆ ಬೇರೆ ಏನೂ ಆಗಿರಲಿಲ್ಲ. ಚರ್ಮದಿಂದ ನೀರು ಆವಿಯಾಗಿ ಹೋಗಿ ಒಣಗಿ ಸತ್ತವು. ಕೋಶಗಳೆಲ್ಲ ಇದ್ದವು, ಬಿಗಿ ಮಾತ್ರ ಇರಲಿಲ್ಲ.

ಅದರ ಕೆಳಗಿನ ಬೆಸುಗೆಯಲ್ಲಿ ಕ್ಯಾಡ್ಹೆರಿನ್ ಅನ್ನುವ ಪ್ರೋಟೀನು ಇದೆ. ಒಂದು ಕೋಶದ ಕ್ಯಾಡ್ಹೆರಿನ್ ಪಕ್ಕದ ಕೋಶದ ಕ್ಯಾಡ್ಹೆರಿನ್ನನ್ನು ಹಿಡಿದುಕೊಳ್ಳುತ್ತದೆ. ಜಪಾನಿನವರೇ ಆದ ಮಸತೋಶಿ ತಾಕೆಯಿಚಿ ಇದನ್ನು ಕಂಡುಹಿಡಿದದ್ದು ಕ್ಯಾಲ್ಸಿಯಂ ಮೂಲಕ. ಕ್ಯಾಲ್ಸಿಯಂ ಇದ್ದರೆ ಕೋಶಗಳು ಹಿಡಿದುಕೊಂಡಿರುತ್ತವೆ, ತೆಗೆದರೆ ಬಿಟ್ಟುಕೊಳ್ಳುತ್ತವೆ. (ಇದನ್ನು ಓದಿ ಕ್ಯಾಲ್ಸಿಯಂ ಮಾತ್ರೆ ನುಂಗಬೇಕಿಲ್ಲ. ರಕ್ತದಲ್ಲಿ ಅದರ ಮಟ್ಟವನ್ನು ಮೈ ತಾನೇ ಕಾಯ್ದುಕೊಳ್ಳುತ್ತದೆ.) ಚರ್ಮ ಮತ್ತು ಕರುಳಿನಲ್ಲಿರುವ ಇ-ಕ್ಯಾಡ್ಹೆರಿನ್ ಹೆಸರನ್ನು ನೆನಪಿಟ್ಟುಕೊಳ್ಳಿ, ಅಡಿಕೆಯ ವಿಷಯದಲ್ಲಿ ಮತ್ತೆ ಬೇಕಾಗುತ್ತದೆ.

ಮೂರನೆಯದು ಡೆಸ್ಮೊಸೋಮ್. ಎಳೆತ, ತಿಕ್ಕಾಟ ತಡೆಯುವುದು ಇದರ ಕೆಲಸ. ಚರ್ಮದಲ್ಲಿ ಇವು ತುಂಬ ದಟ್ಟ. ಕೋಶದ ಒಳಗಿನ ಕೆರಟಿನ್ ಎಳೆಗಳು ಬಂದು ಇಲ್ಲಿಗೇ ಕಟ್ಟಿಕೊಂಡಿರುತ್ತವೆ. ಎಲ್ಲಕ್ಕೂ ಕೆಳಗಿನ ಸಾಲಿನ ಕೋಶಗಳನ್ನು ಬುಡದ ಪೊರೆಗೆ ಹಿಡಿದಿಡಲು ಹೆಮಿಡೆಸ್ಮೊಸೋಮ್ ಅನ್ನುವ ಬೇರೆ ಬೆಸುಗೆಯೇ ಇದೆ. ಡೆಸ್ಮೊಸೋಮ್ ಬಿಟ್ಟುಕೊಂಡರೆ ಏನಾಗುತ್ತದೆ ಅಂತ ನೋಡಬೇಕಾದರೆ ಪೆಂಫಿಗಸ್ ಕಾಯಿಲೆ ನೋಡಬೇಕು. ಅದರಲ್ಲಿ ಮೈಯ ರಕ್ಷಣಾ ವ್ಯವಸ್ಥೆಯೇ ಡೆಸ್ಮೊಗ್ಲೀನ್ ಅನ್ನುವ ಪ್ರೋಟೀನಿನ ಮೇಲೆ ತಿರುಗಿ ಬೀಳುತ್ತದೆ. ಬಾಯಲ್ಲಿ ಹುಣ್ಣು, ಮೈಮೇಲೆ ದೊಡ್ಡ ದೊಡ್ಡ ನೀರುಗುಳ್ಳೆ. ಬೆರಳಿಟ್ಟು ಒತ್ತಿ ಸರಿಸಿದರೆ ಚರ್ಮದ ಮೇಲ್ಪದರ ಜಾರಿ ಬರುತ್ತದೆ. ಮಳೆಗಾಲದಲ್ಲಿ ಮಕ್ಕಳಿಗೆ ಏಳುವ ನೀರುಗುಳ್ಳೆಯ ಒಂದು ಬಗೆಯಲ್ಲೂ ಇದೇ ಡೆಸ್ಮೊಗ್ಲೀನ್ ಕತ್ತರಿಸಿಹೋಗುತ್ತದೆ. ಅಲ್ಲಿ ಕತ್ತರಿಸುವುದು ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾದ ವಿಷ. ಬ್ಯಾಕ್ಟೀರಿಯಾ ಸಹ ಗುರಿ ಇಡುವುದು ಬೆಸುಗೆಗೇ ಅನ್ನುವುದು ಇದರಿಂದ ಗೊತ್ತಾಗುತ್ತದೆ.

ನೆಟ್ಟಿಯ ಕಾಲಿನಲ್ಲಿ

ಈಗ ನಮ್ಮ ಊರಿಗೆ ಬರೋಣ. ಆಗುಂಬೆ, ಹುಲಿಕಲ್ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ಸುತ್ತಮುತ್ತ ಮಳೆ ಬೀಳುವುದುಂಟು. ತೀರ್ಥಹಳ್ಳಿ, ಹೊಸನಗರ, ಸಾಗರದ ಒಳಹಳ್ಳಿಗಳಲ್ಲಿ ಜೂನ್ ಕೊನೆಯಿಂದ ಆಗಸ್ಟ್ ತನಕ ಕಾಲು ಒಣಗುವುದೇ ಇಲ್ಲ. ಬೆಳಿಗ್ಗೆ ಕೊಟ್ಟಿಗೆ, ಆಮೇಲೆ ಗದ್ದೆ, ಮಧ್ಯೆ ತೋಟ, ಸಂಜೆ ಮತ್ತೆ ಕೊಟ್ಟಿಗೆ.

ಭತ್ತದ ನೆಟ್ಟಿ (ನಾಟಿ) ಮುಗಿಸಿ ಬಂದವರ ಕಾಲನ್ನು ಹತ್ತಿರದಿಂದ ನೋಡಿ. ಬೆರಳ ಸಂದಿಯ ಚರ್ಮ ಬೆಳ್ಳಗಾಗಿ ಉಬ್ಬಿರುತ್ತದೆ. ಉಗುರಿನಲ್ಲಿ ಸ್ವಲ್ಪ ಕೆರೆದರೆ ಹಾಳೆ ಹಾಳೆಯಾಗಿ ಎದ್ದು ಬರುತ್ತದೆ. ಅದರ ಕೆಳಗೆ ಕೆಂಪಗೆ, ಹಸಿಹಸಿಯಾಗಿ ಇರುತ್ತದೆ. ನೀರು ಮುಟ್ಟಿದರೆ ಚುರ್ ಅನ್ನುತ್ತದೆ. ಹಿಮ್ಮಡಿಯಲ್ಲಿ ಬೇಸಿಗೆಯಲ್ಲೇ ಬಿಟ್ಟ ಬಿರುಕು ಹಾಗೇ ಇದ್ದು, ಅದರೊಳಗೆ ಕೆಸರು ಕೂತಿರುತ್ತದೆ. "ಮಳೆಗಾಲದಲ್ಲಿ ಎಲ್ಲರಿಗೂ ಇದೇ ಕಣ್ರೀ, ಮಳೆ ಬಿಟ್ಟರೆ ತಾನೇ ವಾಸಿಯಾಗುತ್ತೆ" ಅಂತ ಹೇಳುತ್ತಾರೆ. ವಾಸಿ ಆಗುವುದು ನಿಜ. ಆದರೆ ಅಲ್ಲಿಯ ತನಕ ಆ ಎರಡು ತಿಂಗಳು ಅಲ್ಲಿ ತಡೆ ಇಲ್ಲ.

ಒಳಗೆ ಆಗಿದ್ದೇನು? ನಮ್ಮ ಚರ್ಮದ ಎಲ್ಲಕ್ಕಿಂತ ಹೊರಗಿನ ಪದರದ ಕೋಶಗಳು ಸತ್ತ, ಚಪ್ಪಟೆ ಕೋಶಗಳು. ಅವುಗಳ ನಡುವೆ ಕೊಬ್ಬಿನಂಥ ವಸ್ತು ತುಂಬಿದೆ: ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನಾಮ್ಲ. ಇದು ನೀರನ್ನು ಹೊರಗೂ ಬಿಡುವುದಿಲ್ಲ, ಒಳಗೂ ಬಿಡುವುದಿಲ್ಲ. ಸತ್ತ ಕೋಶಗಳನ್ನು ಹಿಡಿದಿಡುವುದು ಡೆಸ್ಮೊಸೋಮ್‌ನದೇ ಒಂದು ರೂಪ. ಗಂಟೆಗಟ್ಟಲೆ ನೀರಿನಲ್ಲಿದ್ದರೆ ಈ ಕೋಶಗಳು ನೀರು ಹೀರಿ ಉಬ್ಬುತ್ತವೆ, ನಡುವಿನ ಕೊಬ್ಬಿನ ಪದರದ ಜೋಡಣೆ ಕೆಡುತ್ತದೆ, ಕೋಶಗಳು ಒಂದರಿಂದ ಒಂದು ದೂರ ಸರಿಯುತ್ತವೆ. ಆಮೇಲೆ ತಿಕ್ಕಾಟ ಸಾಕು. ಚಪ್ಪಲಿಯ ಪಟ್ಟಿ, ಕೆಸರಿನ ಮರಳು, ಭತ್ತದ ಕೂಳೆ ತಾಗಿದರೂ ಹರಿಯುತ್ತದೆ.

ಇಲಿಜ್ವರದ ಲೆಪ್ಟೊಸ್ಪೈರಾ ಒಳಗೆ ಬರುವುದು ಇಂಥ ಜಾಗದಿಂದಲೇ. ಅದು ಸುರುಳಿ ಆಕಾರದ ಬ್ಯಾಕ್ಟೀರಿಯಾ. ಅಗಲ ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗ ಅಷ್ಟೇ. ಹೆಸರು ಇಲಿಜ್ವರ ಆದರೂ ಇಲಿ ಒಂದೇ ಅಲ್ಲ, ದನ, ನಾಯಿ, ಹಂದಿಗಳ ಮೂತ್ರದಲ್ಲೂ ಅದು ಬರುತ್ತದೆ. ಕೊಟ್ಟಿಗೆಯ ಗಂಜಲ ತುಳಿಯುವವರು, ಗದ್ದೆಯ ನಿಂತ ನೀರಿನಲ್ಲಿ ಇಳಿಯುವವರು ಇಬ್ಬರೂ ಅದಕ್ಕೆ ಎದುರಾಗುತ್ತಾರೆ. ಗಟ್ಟಿಯಾದ, ಒಣ ಚರ್ಮ ಇದ್ದರೆ ಒಳಗೆ ಬರುವುದು ಅದಕ್ಕೆ ಬಹಳ ಕಷ್ಟ. ಗಾಯ, ಬಿರುಕು, ನೀರಿನಲ್ಲಿ ನೆನೆದು ಮೆತ್ತಗಾದ ಚರ್ಮ, ಕಣ್ಣು ಮೂಗು ಬಾಯಿಗಳ ತೆಳು ಪೊರೆ, ಇವು ಅದರ ದಾರಿ. ಒಳಗೆ ಬಂದ ಮೇಲೂ ಅದು ಬೆಸುಗೆಗಳನ್ನು ಬಿಡುವುದಿಲ್ಲ. ಲ್ಯಾಬಿನಲ್ಲಿ ಬೆಳೆಸಿದ ಮೂತ್ರಪಿಂಡದ ಕೋಶಗಳಿಗೆ ಇದನ್ನು ಸೇರಿಸಿದಾಗ ಕೋಶಗಳ ನಡುವಿನ ಕ್ಯಾಡ್ಹೆರಿನ್ ಬೆಸುಗೆ ಕಳಚುವುದು ಕಂಡಿದೆ. ಇಲಿಜ್ವರ ಜೋರಾದಾಗ ಮೂತ್ರಪಿಂಡ ಕೈಕೊಡುವುದು ನಮಗೆಲ್ಲ ಗೊತ್ತಿರುವ ವಿಷಯವೇ.

ಹಾಗಾದರೆ ಮಾಡಬೇಕಾದದ್ದು ಏನು? ಗಂಬೂಟು ಹಾಕಿ ಅನ್ನುವುದು ಸುಲಭದ ಸಲಹೆ. ಕೊಟ್ಟಿಗೆಗೂ ತೋಟಕ್ಕೂ ಅದು ಸರಿ, ಹಾಕಲೇಬೇಕು. ಹೂಳಿನ ಗದ್ದೆಯಲ್ಲಿ ಮಾತ್ರ ಬೂಟು ಹೂತುಹೋಗುತ್ತದೆ, ಒಳಗೆ ನೀರು ತುಂಬಿದರೆ ಬರಿಗಾಲಿಗಿಂತ ಕಷ್ಟ. ಗದ್ದೆಗೆ ಇಳಿಯುವವರಿಗೆ ಈ ಸಲಹೆ ಕೊಟ್ಟು ಕೈತೊಳೆದುಕೊಳ್ಳುವುದು ಸರಿಯಲ್ಲ. ಅವರಿಗೆ ಉಪಯೋಗವಾಗುವ ಮಾತು ಬೇರೆ ಇದೆ. ಹಿಮ್ಮಡಿ ಬಿರುಕನ್ನು ಮೇ ತಿಂಗಳಲ್ಲೇ ವಾಸಿ ಮಾಡಿಕೊಳ್ಳಬೇಕು: ರಾತ್ರಿ ಬಿಸಿನೀರಲ್ಲಿ ಸ್ವಲ್ಪ ಹೊತ್ತು ಕಾಲಿಟ್ಟು, ಒರೆಸಿ, ವ್ಯಾಸಲೀನ್ ಹಚ್ಚಿ, ಕಾಲುಚೀಲ ಹಾಕಿ ಮಲಗಬೇಕು. ಗದ್ದೆಗೆ ಇಳಿಯುವ ಮೊದಲು ಬೆರಳ ಸಂದಿಗೆ ವ್ಯಾಸಲೀನ್, ಗಾಯಕ್ಕೆ ನೀರು ಹೋಗದ ಪಟ್ಟಿ. ಮಧ್ಯಾಹ್ನ ಊಟಕ್ಕೆ ಬಂದಾಗ ಕಾಲು ತೊಳೆದು ಬೆರಳ ಸಂದಿ ಒರೆಸಿಕೊಂಡು, ಆ ಒಂದು ಗಂಟೆ ಒಣಗಲು ಬಿಡಬೇಕು. ರಾತ್ರಿ ಒಲೆಯ ಮುಂದೆ ಕಾಲು ಕಾಸುವ ಹಳೆಯ ಅಭ್ಯಾಸ ಒಳ್ಳೆಯದೇ, ಸುಡದ ಹಾಗೆ ನೋಡಿಕೊಂಡರೆ ಆಯಿತು. ಜ್ವರದ ಜತೆ ಮೀನಖಂಡ ಮುಟ್ಟಲಾಗದಷ್ಟು ನೋವು, ಕಣ್ಣು ಕೆಂಪು ಬಂದರೆ ಎರಡನೇ ದಿನಕ್ಕೆ ಕಾಯದೆ ಡಾಕ್ಟರ ಹತ್ತಿರ ಹೋಗಿ, ಗದ್ದೆ ಕೆಲಸ ಮಾಡುತ್ತೇನೆ ಅಂತ ಮರೆಯದೆ ಹೇಳಬೇಕು. ಮೊದಲ ದಿನಗಳಲ್ಲೇ ಆ್ಯಂಟಿಬಯಾಟಿಕ್ ಶುರು ಮಾಡಿದರೆ ವಾಸಿಯಾಗುವ ಕಾಯಿಲೆ ಇದು.

ಎಲ್ಲ ರೋಗಕ್ಕೂ ಬಿರುಕು ಬೇಕು ಅಂತೇನಿಲ್ಲ. ಇಂಬಳ (ಜಿಗಣೆ) ಸರಿಯಾಗಿದ್ದ ಚರ್ಮವನ್ನೇ ಮೂರು ದವಡೆಗಳಿಂದ ಕೊಯ್ದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ. ಅದು ಉದುರಿದ ಮೇಲೂ ರಕ್ತ ಹರಿಯುತ್ತಲೇ ಇರುವುದು ಅದಕ್ಕೇ. ಆ ಗಾಯದ ಮೇಲೆ ಸುಣ್ಣ ಹಚ್ಚುವುದು ಬೇಡ. ಸುಣ್ಣ ಇಂಬಳವನ್ನು ಬಿಡಿಸುತ್ತದೆ ನಿಜ, ಜತೆಗೆ ಗಾಯದ ಅಂಚನ್ನೂ ಸುಡುತ್ತದೆ. ಉಣುಗು (ಉಣ್ಣೆ ಹುಳ) ಇನ್ನೂ ಅಪಾಯ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯ ವೈರಸ್ ಮೈಗೆ ಬರುವುದು ಉಣುಗಿನ ಮೂಲಕ. ಅದು ಚರ್ಮವನ್ನು ಚುಚ್ಚಿ, ಅಂಟು ಹಾಕಿ ಅಲ್ಲೇ ಕೂರುತ್ತದೆ. ಇಲ್ಲಿ ಚರ್ಮದ ಬೆಸುಗೆ ಎಷ್ಟು ಗಟ್ಟಿ ಇದ್ದರೂ ಪ್ರಯೋಜನ ಇಲ್ಲ, ಉಣುಗು ಚರ್ಮಕ್ಕೆ ಬರದ ಹಾಗೆ ತಡೆಯಬೇಕು. ಹಳೆಯ ಲಸಿಕೆ 2022ರಲ್ಲಿ ನಿಂತುಹೋದ ಮೇಲೆ ಈ ಮಾತಿಗೆ ಇನ್ನೂ ತೂಕ ಬಂದಿದೆ. ಕಾಡಿಗೆ, ದರಗು (ಒಣ ಎಲೆ) ತರಲು ಹೋಗುವಾಗ, ಉಣುಗನ್ನು ದೂರ ಇಡಲು ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಂಡು, ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ ಹಾಕಿ ಮೈಯೆಲ್ಲ ನೋಡಿಕೊಳ್ಳುವುದೇ ಸದ್ಯದ ದಾರಿ.

ಸೋಪು, ಎಣ್ಣೆ

ಚರ್ಮದ ಮೇಲ್ಮೈ ಸ್ವಲ್ಪ ಹುಳಿ ಗುಣದ್ದು, ಪಿಎಚ್ 5ರ ಆಸುಪಾಸು. ಸಾಮಾನ್ಯ ಸೋಪಿನದು 9ರಿಂದ 10. ಚರ್ಮದಲ್ಲೇ ಇರುವ ಕೆಲವು ಕಿಣ್ವಗಳು ಹಳೆಯ ಕೋಶಗಳ ಬೆಸುಗೆ ಕತ್ತರಿಸಿ ಉದುರಿಸುವ ಕೆಲಸ ಮಾಡುತ್ತವೆ. ಪಿಎಚ್ ಏರಿದರೆ ಈ ಕಿಣ್ವಗಳ ಕೆಲಸ ಜೋರಾಗುತ್ತದೆ, ಇನ್ನೂ ಇರಬೇಕಾದ ಕೋಶಗಳೂ ಉದುರುತ್ತವೆ. ಜತೆಗೆ ಸೋಪು ನಡುವಿನ ಕೊಬ್ಬನ್ನೂ ತೊಳೆದುಕೊಂಡು ಹೋಗುತ್ತದೆ. ದಿನಕ್ಕೆ ಮೂರು ಸಲ ಪಾತ್ರೆ, ಒಂದು ಸಲ ಬಟ್ಟೆ ತೊಳೆಯುವ ಹೆಂಗಸರ ಕೈ ಒಡೆಯುವುದು ಇದಕ್ಕೇ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ದ್ರಾವಣ) ಹೊಡೆಯುವ, ಮರ ಹತ್ತುವ ಕೊನೆಗಾರರ ಕೈಯಲ್ಲಿ ಇದು ಇನ್ನೂ ಹೆಚ್ಚು, ಯಾಕೆಂದರೆ ಸುಣ್ಣದ ನೀರಿನ ಪಿಎಚ್ 12ರ ಹತ್ತಿರ. ಮೈಲುತುತ್ತ, ಸುಣ್ಣ ಕಲಸುವಾಗ ರಬ್ಬರ್ ಕೈಚೀಲ ಹಾಕುವುದನ್ನು ತೋಟದ ಯಜಮಾನರೇ ಕಡ್ಡಾಯ ಮಾಡಬೇಕು. ಕೈಚೀಲದ ದುಡ್ಡನ್ನು ಕೂಲಿಯವರ ತಲೆಗೆ ಹಾಕಬಾರದು.

ಸ್ವಿಟ್ಜರ್ಲೆಂಡಿನ ಸೆಜ್ಮಿ ಆಕ್ದಿಸ್ ಅನ್ನುವ ಅಲರ್ಜಿ ತಜ್ಞರು 2021ರಲ್ಲಿ ದೊಡ್ಡ ವಾದವೊಂದನ್ನು ಮುಂದಿಟ್ಟರು. ಡಿಟರ್ಜೆಂಟು, ಹೊಗೆ, ಸಂಸ್ಕರಿಸಿದ ಆಹಾರದ ರಾಸಾಯನಿಕಗಳು ಎಪಿಥೀಲಿಯಂ ಬೆಸುಗೆಗಳನ್ನು ಸಡಿಲ ಮಾಡಿರುವುದೇ ಅಲರ್ಜಿ, ಅಸ್ತಮಾ ಹೆಚ್ಚಲು ಕಾರಣ ಅನ್ನುವುದು ಅದರ ತಿರುಳು. ಇದು ಇನ್ನೂ ಸಾಬೀತಾದ ವಿಷಯ ಅಲ್ಲ, ಪರೀಕ್ಷೆಯಲ್ಲಿರುವ ವಾದ. ಇದನ್ನು ಹಿಡಿದುಕೊಂಡು ಯಾರಾದರೂ ಕರುಳು ಬಿಗಿ ಮಾಡುವ ಪುಡಿ ಮಾರಲು ಬಂದರೆ ದುಡ್ಡು ಕೊಡಬೇಡಿ.

ಎಣ್ಣೆಯ ವಿಷಯದಲ್ಲಿ ಪುರಾವೆ ಇನ್ನೂ ಗಟ್ಟಿಯಾಗಿದೆ, ಆದರೆ ಒಂದು ಮಿತಿಯೊಳಗೆ. ಢಾಕಾದ ಆಸ್ಪತ್ರೆಯಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳಿಗೆ ಸೂರ್ಯಕಾಂತಿ ಎಣ್ಣೆ ಹಚ್ಚಿ ನೋಡಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆ ಮಕ್ಕಳಿಗೆ ಆಸ್ಪತ್ರೆಯಲ್ಲಿ ಸೋಂಕು ತಗಲುವುದು ಶೇಕಡಾ 41ರಷ್ಟು ಕಡಿಮೆಯಾಯಿತು. ದಿನ ತುಂಬದ ಮಗುವಿನ ಚರ್ಮದ ತಡೆ ಇನ್ನೂ ಕಟ್ಟಿರುವುದಿಲ್ಲ, ಎಣ್ಣೆ ಆ ಕೊರತೆಯನ್ನು ಸ್ವಲ್ಪ ತುಂಬಿತು. ದಿನ ತುಂಬಿದ ಆರೋಗ್ಯವಂತ ಮಕ್ಕಳಿಗೆ ದಿನವೂ ಕ್ರೀಮು ಹಚ್ಚಿದರೆ ಎಕ್ಸಿಮಾ ತಪ್ಪುತ್ತದೆಯೇ ಅಂತ ಬ್ರಿಟನ್ನಿನಲ್ಲಿ ಮಾಡಿದ ದೊಡ್ಡ ಪರೀಕ್ಷೆಯಲ್ಲಿ, 2020ರ ವರದಿಯಂತೆ, ಲಾಭ ಕಾಣಲಿಲ್ಲ. ಎಣ್ಣೆಸ್ನಾನ ಮಾಡಿಸಿ, ಸಂತೋಷ. ಅದರ ಆಮೇಲೆ ಕಡಲೆಹಿಟ್ಟಿನಲ್ಲಿ ಚರ್ಮ ಕೆಂಪಾಗುವ ತನಕ ತಿಕ್ಕಿ, ಹಚ್ಚಿದ್ದನ್ನೆಲ್ಲ ತೆಗೆಯುವುದು ಬೇಡ.

ಕರುಳಿನ ಬಗ್ಗೆ ಒಂದೇ ಮಾತು. ಕಾಲರಾದಂಥ ಭೇದಿಯಲ್ಲಿ ಕೂಡ ಕರುಳಿನ ಕೋಶಗಳು ಸಕ್ಕರೆ ಮತ್ತು ಉಪ್ಪನ್ನು ಜತೆಯಾಗಿ ಒಳಗೆ ಎಳೆದುಕೊಳ್ಳುವುದು ನಿಲ್ಲುವುದಿಲ್ಲ, ಅವುಗಳ ಹಿಂದೆ ನೀರೂ ಬರುತ್ತದೆ. ಓಆರ್‌ಎಸ್ ಕೆಲಸ ಮಾಡುವುದು ಇದರಿಂದ. ಭೇದಿ ನಿಲ್ಲಿಸುವ ಮಾತ್ರೆಗೆ ಓಡುವ ಮೊದಲು ಅದನ್ನು ಕುಡಿಸಬೇಕು.

ಬಾಯಿಯ ಒಳಮೈ ಮತ್ತು ಅಡಿಕೆ

ಇದನ್ನು ಬರೆಯುವುದು ಕಷ್ಟ, ಯಾಕೆಂದರೆ ನಮ್ಮ ಮನೆಗಳು ನಡೆಯುವುದೇ ಅಡಿಕೆಯಲ್ಲಿ. ಮಕ್ಕಳ ಓದು, ಮದುವೆ, ಮನೆ ಎಲ್ಲ ರಾಶಿ ಇಡಿ, ಬೆಟ್ಟೆ ಅನ್ನುವ ಅಡಿಕೆ ಬಗೆಗಳ ರೇಟಿನ ಮೇಲೆ ನಿಂತಿವೆ. ಅಡಿಕೆಗೆ ಕ್ಯಾನ್ಸರ್ ಅನ್ನುವ ಮಾತು ಬಂದರೆ ಶಿವಮೊಗ್ಗದ ಮಾರುಕಟ್ಟೆಯಲ್ಲಿ ಎಷ್ಟು ಆತಂಕ ಆಗುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೂ ಬಾಯಿಯ ಕೋಶಗಳಿಗೆ ಏನಾಗುತ್ತದೆ ಅನ್ನುವುದನ್ನು ಇದ್ದ ಹಾಗೆ ಹೇಳಬೇಕು.

ಕೆನ್ನೆಯ ಒಳಭಾಗದಲ್ಲಿ ಹಲವು ಪದರಗಳ ಎಪಿಥೀಲಿಯಂ ಇದೆ, ಆದರೆ ಅಂಗೈ, ಅಂಗಾಲಿನ ಹಾಗೆ ಗಟ್ಟಿಯಾದ ಸತ್ತ ಪದರ ಇಲ್ಲ. ಕವಳ (ಎಲೆ, ಅಡಿಕೆ, ಸುಣ್ಣ ಸೇರಿಸಿ ಜಗಿಯುವುದು) ಅಲ್ಲಿ ಗಂಟೆಗಟ್ಟಲೆ ಕೂತಿರುತ್ತದೆ. ಸುಣ್ಣ ಮೇಲ್ಪದರವನ್ನು ಕೆರಳಿಸಿ ಸಡಿಲ ಮಾಡುತ್ತದೆ. ಅಡಿಕೆಯ ನಾರು ಉಜ್ಜುತ್ತದೆ. ಅಡಿಕೆಯಲ್ಲಿರುವ ಅರೆಕೋಲಿನ್ ಮುಂತಾದ ವಸ್ತುಗಳು ಹೀಗೆ ಸಡಿಲವಾದ ಪದರಗಳ ನಡುವೆ ಇಳಿದು ಕೆಳಗಿನ ಅಂಗಾಂಶಕ್ಕೆ ಸೇರುತ್ತವೆ. ಅಲ್ಲಿರುವ ಕೋಶಗಳು ಕೊಲಾಜನ್ ಎಳೆಗಳನ್ನು ಜಾಸ್ತಿ ಮಾಡಲು ಶುರು ಮಾಡುತ್ತವೆ, ಹಳೆಯದನ್ನು ಕರಗಿಸುವ ಕೆಲಸ ಕಡಿಮೆಯಾಗುತ್ತದೆ. ಅಡಿಕೆಯಲ್ಲಿ ತಾಮ್ರದ ಅಂಶವೂ ಹೆಚ್ಚು. ಕೊಲಾಜನ್ ಎಳೆಗಳನ್ನು ಒಂದಕ್ಕೊಂದು ಬಿಗಿಯುವ ಕಿಣ್ವಕ್ಕೆ ತಾಮ್ರ ಬೇಕು. ಹೀಗೆ ಕೆನ್ನೆಯ ಒಳಗೆ ಗಟ್ಟಿ ಪಟ್ಟಿಗಳು ಕಟ್ಟುತ್ತವೆ. ಇದಕ್ಕೆ ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತ ಹೆಸರು. ತಾಮ್ರದ ಮಾತು ಬಂದ ಕೂಡಲೇ, ತಾಮ್ರ ಇರುವ ಬೋರ್ಡೋ ಹೊಡೆಯುವುದು ಬಿಟ್ಟರೆ ಸಾಕಲ್ಲ ಅಂತ ಅನ್ನಿಸಬಹುದು. ಸಾಕಾಗುವುದಿಲ್ಲ, ಅರೆಕೋಲಿನ್ ಇರುವುದು ಕಾಯಿಯಲ್ಲೇ.

ಹೊಗೆಸೊಪ್ಪು ಇಲ್ಲದ ಬರಿ ಅಡಿಕೆಗೂ ಇದು ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. ಎರ್ನಾಕುಲಂ ಜಿಲ್ಲೆಯಲ್ಲಿ ಈ ಫೈಬ್ರೋಸಿಸ್ ಇದ್ದವರನ್ನು 17 ವರ್ಷ ಹಿಂಬಾಲಿಸಿ ನೋಡಿದ ಅಧ್ಯಯನದಲ್ಲಿ ಶೇಕಡಾ 7.6 ಮಂದಿಗೆ ಬಾಯಿ ಕ್ಯಾನ್ಸರ್ ಆಯಿತು. ಇದೇ ಏಜೆನ್ಸಿ 2024ರಲ್ಲಿ ಮಾಡಿದ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಅಡಿಕೆ ಮತ್ತು ಜಗಿಯುವ ತಂಬಾಕಿನಿಂದ ಆದ ಬಾಯಿ ಕ್ಯಾನ್ಸರ್ 1,20,200. ಅದರಲ್ಲಿ ಭಾರತದ್ದು 83,400. ಈ ಲೆಕ್ಕದಲ್ಲಿ ಅಡಿಕೆ, ತಂಬಾಕು ಎರಡೂ ಸೇರಿವೆ ಅನ್ನುವುದನ್ನು ಬೆಳೆಗಾರರು ಎತ್ತಿ ಹೇಳುವುದು ನ್ಯಾಯವೇ. ಆದರೆ ತಂಬಾಕು ತೆಗೆದರೆ ಅಡಿಕೆ ನಿರಪಾಯ ಅನ್ನುವುದಕ್ಕೆ ಆಧಾರ ಇಲ್ಲ.

ಇ-ಕ್ಯಾಡ್ಹೆರಿನ್ ಬರುವುದು ಇಲ್ಲೇ. ಎಪಿಥೀಲಿಯಂ ಕೋಶ ಅಂಟಿಕೊಂಡಿರುವ ತನಕ ತನ್ನ ಜಾಗ ಬಿಟ್ಟು ಹೋಗುವುದಿಲ್ಲ. ಬಾಯಿ ಕ್ಯಾನ್ಸರ್ ಮುಂದುವರಿದಂತೆ ಅನೇಕರಲ್ಲಿ ಕೋಶಗಳ ಮೇಲಿನ ಇ-ಕ್ಯಾಡ್ಹೆರಿನ್ ಕಡಿಮೆಯಾಗುತ್ತದೆ. ಕೋಶ ಅಕ್ಕಪಕ್ಕದವನ್ನು ಬಿಟ್ಟು, ಆಕಾರ ಬದಲಿಸಿ, ಬುಡದ ಪೊರೆ ದಾಟಿ ಕೆಳಕ್ಕೆ ಇಳಿಯುತ್ತದೆ, ಅಲ್ಲಿಂದ ಕುತ್ತಿಗೆಯ ಗ್ರಂಥಿಗೆ ಹೋಗುತ್ತದೆ. ಕುತ್ತಿಗೆಯಲ್ಲಿ ಗಡ್ಡೆ ಕೈಗೆ ಸಿಗುವ ಹೊತ್ತಿಗೆ ಈ ಪ್ರಯಾಣ ಮುಗಿದಿರುತ್ತದೆ.

ಬೆಳೆಯನ್ನು ಕಾಪಾಡಬೇಕು ಅಂತ ಜಗಿಯುವುದನ್ನು ಸಮರ್ಥಿಸಬೇಕಿಲ್ಲ. ಬೆಳೆಗಾರರ ಸಂಘಗಳು ಪ್ರತಿ ವರ್ಷ ಕೊಳೆಗೆ, ಬೆಲೆಗೆ, ಕಳ್ಳಸಾಗಣೆಗೆ ಮನವಿ ಕೊಡುತ್ತವೆ. ಜತೆಗೆ ಅಡಿಕೆಯ ಬೇರೆ ಬಳಕೆಗಳಿಗೆ, ಚೊಗರಿನ (ಅಡಿಕೆ ಬೇಯಿಸಿದ ನೀರಿನ) ಬಣ್ಣ, ಹಾಳೆಯ ತಟ್ಟೆಯಂಥವಕ್ಕೆ ದುಡ್ಡು ಹಾಕಿ ಅಂತಲೂ ಅದೇ ಗಟ್ಟಿ ದನಿಯಲ್ಲಿ ಕೇಳಬೇಕು. ಜಗಿಯುವವರ ಬಾಯಿಯ ಮೇಲೆ ನಿಂತ ಮಾರುಕಟ್ಟೆಯನ್ನೇ ನಂಬಿ ಮುಂದಿನ ಮೂವತ್ತು ವರ್ಷದ ತೋಟ ಹಾಕುವುದು ಬೆಳೆಗಾರರಿಗೇ ಅಪಾಯ. 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. ಪಾನ್ ಮಸಾಲೆ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಆಗಿ ಅದೇ ಅಂಗಡಿಯಲ್ಲಿ ಮಾರಾಟ ನಡೆದೇ ಇದೆ. ಹೈಸ್ಕೂಲು ಹುಡುಗರ ಬಾಯಿಗೆ ಹೋಗುತ್ತಿರುವುದು ಅಜ್ಜನ ಕವಳ ಅಲ್ಲ, ಈ ಪ್ಯಾಕೆಟ್ಟು.

ಅಡಿಕೆ ಸುಲಿಯುವ ಚಪ್ಪರದಲ್ಲಿ ರಾತ್ರಿ ಹತ್ತರ ತನಕ ಮೆಟ್ಟುಗತ್ತಿಯ ಮೇಲೆ ಕೂತವರ ಕೆನ್ನೆಯಲ್ಲಿ ಕವಳ ಇದ್ದೇ ಇರುತ್ತದೆ. ಅವರಲ್ಲಿ ಕೆಲವರು "ಈಚೆಗೆ ಖಾರ ಬಾಯಿಗೆ ಇಡಕ್ಕೇ ಆಗಲ್ಲ ಅಕ್ಕಾ, ಉರಿಯುತ್ತೆ" ಅನ್ನುತ್ತಾರೆ. ಫೈಬ್ರೋಸಿಸ್‌ನ ಮೊದಲ ಲಕ್ಷಣ ಅದೇ. ಆಮೇಲೆ ಕೆನ್ನೆಯ ಒಳಗೆ ಬಿಳಿಚಿಕೊಳ್ಳುತ್ತದೆ. ನಾಲಿಗೆ ಹೊರಗೆ ಚಾಚಲು, ಶಿಳ್ಳೆ ಹಾಕಲು ಕಷ್ಟವಾಗುತ್ತದೆ. ಕಟ್ಟಿದ ಪಟ್ಟಿಗಳು ಪೂರ್ತಿ ಕರಗುವುದಿಲ್ಲ. ಆದರೆ ಜಗಿಯುವುದು ಬಿಟ್ಟರೆ ಕ್ಯಾನ್ಸರಿನ ಅಪಾಯ ಇಳಿಯುತ್ತದೆ, ಎಷ್ಟು ಬೇಗ ಬಿಟ್ಟರೆ ಅಷ್ಟು ಒಳ್ಳೆಯದು.

ಇದನ್ನು ಮೊದಲೇ ಹಿಡಿಯಲು ದೊಡ್ಡ ಯಂತ್ರ ಬೇಡ. ತಿರುವನಂತಪುರ ಜಿಲ್ಲೆಯ 13 ಪಂಚಾಯ್ತಿಗಳಲ್ಲಿ 1996ರಿಂದ ಒಂದು ಪರೀಕ್ಷೆ ನಡೆಯಿತು. ತರಬೇತಿ ಪಡೆದ, ಡಾಕ್ಟರ್ ಅಲ್ಲದ ಕಾರ್ಯಕರ್ತರು ಮನೆಮನೆಗೆ ಹೋಗಿ ಬೆಳಕು ಹಿಡಿದು ಬಾಯಿ ನೋಡಿದರು, ಅನುಮಾನ ಬಂದವರನ್ನು ಆಸ್ಪತ್ರೆಗೆ ಕಳಿಸಿದರು. 2005ರ ಫಲಿತಾಂಶದಲ್ಲಿ ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದ ಗಂಡಸರಲ್ಲಿ ಬಾಯಿ ಕ್ಯಾನ್ಸರ್ ಸಾವು ಶೇಕಡಾ 43ರಷ್ಟು ಕಡಿಮೆಯಾಗಿತ್ತು. ನಮ್ಮಲ್ಲಿ ಆಶಾ ಕಾರ್ಯಕರ್ತೆಯರು ಮಂಗನ ಕಾಯಿಲೆಯ ಕಾಲದಲ್ಲಿ ಹೇಗೂ ಮನೆಮನೆಗೆ ಬರುತ್ತಾರೆ. ಸುಲಿಯುವ ಕಾಲವೂ ಚಳಿಗಾಲವೇ. ಅವರಿಗೆ ತರಬೇತಿ, ಒಂದು ಟಾರ್ಚು, ಈ ಕೆಲಸಕ್ಕೆ ಬೇರೆಯಾಗಿ ಗೌರವಧನ ಕೊಟ್ಟು ಸುಲಿಯುವ ಚಪ್ಪರಗಳಿಂದಲೇ ಶುರು ಮಾಡಬಹುದು. ಅಲ್ಲಿಯ ತನಕ ಮನೆಯಲ್ಲೇ ನೋಡಿಕೊಳ್ಳಬಹುದಾದದ್ದು ಒಂದಿದೆ. ತೋರುಬೆರಳು, ಮಧ್ಯದ ಬೆರಳು, ಉಂಗುರದ ಬೆರಳು ಮೂರನ್ನೂ ಸೇರಿಸಿ, ಒಂದರ ಮೇಲೊಂದು ಬರುವ ಹಾಗೆ ನಿಲ್ಲಿಸಿ, ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಇಟ್ಟು ನೋಡಿ. ಅವರವರ ಮೂರು ಬೆರಳು ಅವರವರ ಬಾಯಿಗೆ ಹಿಡಿಸಬೇಕು. ಎರಡೇ ಹಿಡಿಸಿದರೆ, ಅಥವಾ ಎರಡು ವಾರ ಕಳೆದರೂ ವಾಸಿಯಾಗದ ಹುಣ್ಣು, ಬಿಳಿ ಅಥವಾ ಕೆಂಪು ಕಲೆ ಇದ್ದರೆ, ಆ ವಾರವೇ ದಂತವೈದ್ಯರ ಹತ್ತಿರ ಹೋಗಿ ಬಾಯಿ ತೋರಿಸಬೇಕು.